ಮನೆಯಲ್ಲೇ ಸಿದ್ಧವಾದ ಹೊಯಿಗೆ ಮೇಜು

ಬದಿಯಡ್ಕದಿಂದ ಒಳಕ್ಕೆ ಸಾಗುವ ಹಾದಿಯ ಒಂದು ಮನೆಯ ಚಾವಡಿಯಲ್ಲಿ, ಗೋಡೆಗೆ ತಾಗಿಕೊಂಡು ಅರ್ಧ ಮೀಟರ್ ಚದರದ ಒಂದು ತಗ್ಗು ಮೇಜಿದೆ. ಅದರ ಮೇಲೆ ತೆಳ್ಳಗೆ ಹೊಯಿಗೆ ಹರಡಿದೆ. ಹೊಯಿಗೆಯ ನಡುವೆ ಕಡಲೆಕಾಳಿನ ಗಾತ್ರದ ಉಕ್ಕಿನ ಗುಂಡೊಂದು ಯಾರೂ ಮುಟ್ಟದೆ, ಯಾರೂ ತಳ್ಳದೆ ನಿಧಾನವಾಗಿ ಉರುಳುತ್ತ ಹೋಗುತ್ತದೆ. ಹೋದಲ್ಲೆಲ್ಲ ಸಾಲು ಮೂಡುತ್ತದೆ. ಮೊದಲು ಒಂದು ಸುರುಳಿ, ಬಳಿಕ ಎಸಳು, ಎಸಳಿನ ಮೇಲೆ ಇನ್ನೊಂದು ಎಸಳು. ಮುಕ್ಕಾಲು ಗಂಟೆಯ ಹೊತ್ತಿಗೆ ಮೇಜಿನ ತುಂಬ ಒಂದು ತಾವರೆ. ವೀಳ್ಯದೆಲೆಯ ತಟ್ಟೆಯನ್ನು ಪಕ್ಕಕ್ಕಿಟ್ಟುಕೊಂಡು ಕುಳಿತ ಅಜ್ಜಿ ಅದನ್ನು ನೋಡುತ್ತಾರೆ. ಟಿ.ವಿ.ಗಿಂತ ಇದೇ ವಾಸಿಯೆಂದು ಅವರ ಅಭಿಪ್ರಾಯ.

ಈ ಮನೆಯ ತಂದೆಗೆ ಸಣ್ಣ ಅಡಕೆ ತೋಟವಿದೆ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ, ಮಗ ಏಳನೆಯದು. ಮಕ್ಕಳ ಸೋದರಮಾವ ವಯರಿಂಗ್ ಕೆಲಸದವರು. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಇಳಿದರೆ ಮಲಯಾಳ; ಕಾಸರಗೋಡಿನ ಸಾವಿರಾರು ಮನೆಗಳಂತೆ ಇದೂ ಒಂದು. ಕಳೆದ ಮಳೆಗಾಲದಲ್ಲಿ ಈ ಮೇಜನ್ನು ಕಟ್ಟಲು ಹೊರಟಾಗ ಅವರಿಗೆ ಇನ್ನೊಂದು ಭಾಷೆ ಎದುರಾಯಿತು. ಯಂತ್ರದ ಬಗ್ಗೆ ಸಿಕ್ಕಿದ ಎಲ್ಲ ವಿವರಣೆಯೂ ಇಂಗ್ಲಿಷಿನಲ್ಲಿತ್ತು.

ಮೇಜಿನ ಮೂಲ ಕಲ್ಪನೆ ಅಮೆರಿಕದ ಮಿನ್ನೆಸೋಟಾದ ಬ್ರೂಸ್ ಶಪಿರೋ ಅವರದು. ವೈದ್ಯವೃತ್ತಿಯನ್ನು ಬಿಟ್ಟು ಮೋಟರುಗಳಿಂದ ಚಿತ್ರ ಬರೆಸುವ ಕಲೆಗೆ ತಿರುಗಿದವರು ಅವರು. ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸಿ, ಅದು ಕೆಳಗೆ ಬಿದ್ದರೆ ಮತ್ತೆ ಉರುಳಿಸುತ್ತಲೇ ಇರಬೇಕೆಂಬ ಶಾಪಕ್ಕೆ ಗುರಿಯಾದ ಗ್ರೀಕ್ ಪುರಾಣದ ಅರಸ ಸಿಸಿಫಸನ ಹೆಸರನ್ನೇ ತಮ್ಮ ಯಂತ್ರಕ್ಕೆ ಇಟ್ಟರು. 2016ರಲ್ಲಿ ಸಾರ್ವಜನಿಕರಿಂದ ಮುಂಗಡ ಪಡೆದು ಅದನ್ನು ಮನೆಬಳಕೆಯ ಮೇಜಾಗಿ ಮಾರಾಟಕ್ಕೆ ತಂದರು. ಮರದ ದೊಡ್ಡ ಮೇಜುಗಳ ಬೆಲೆ ಸಾವಿರಾರು ಡಾಲರು. ಅಡಕೆಯ ಧಾರಣೆಯನ್ನು ನೋಡಿ ಮನೆ ನಡೆಸುವವರಿಗೆ ಅದು ಎಟುಕುವ ಮಾತಲ್ಲ. ಆದರೆ ಒಳಗಿನ ತತ್ತ್ವ ಸರಳ. ಹೊಯಿಗೆಯ ಹಲಗೆಯ ಅಡಿಯಲ್ಲಿ ಒಂದು ಬಲವಾದ ಅಯಸ್ಕಾಂತವನ್ನು ಎರಡು ಮೋಟರುಗಳು ಬೇಕಾದ ಕಡೆಗೆ ಒಯ್ಯುತ್ತವೆ. ಮೇಲಿನ ಗುಂಡು ಅದನ್ನು ಹಿಂಬಾಲಿಸುತ್ತದೆ. ಅಷ್ಟೇ.

ಕಾನೂನಿನ ಒಂದು ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ: ಬೇರೊಬ್ಬರ ಆವಿಷ್ಕಾರವನ್ನು ಮನೆಯಲ್ಲಿ ಮಾಡಿಕೊಳ್ಳಬಹುದೇ? 1970ರ ಭಾರತೀಯ ಪೇಟೆಂಟ್ ಅಧಿನಿಯಮದ 47ನೆಯ ಕಲಮು, ಪೇಟೆಂಟ್ ಇರುವ ಯಂತ್ರವನ್ನೂ ಪ್ರಯೋಗಕ್ಕಾಗಿ, ಸಂಶೋಧನೆಗಾಗಿ ಮತ್ತು ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿ ಯಾರು ಬೇಕಾದರೂ ಮಾಡಿ ಬಳಸಬಹುದೆಂದು ಹೇಳುತ್ತದೆ. ಮಾಡಿ ಮಾರುವುದು ಬೇರೆಯೇ ವಿಷಯ. ಇನ್ನು ಮೋಟರುಗಳನ್ನು ನಡೆಸುವ ತಂತ್ರಾಂಶ ‘ಜಿಆರ್‌ಬಿಎಲ್’; ಅದು ಮುಕ್ತ ಪರವಾನಗಿಯದು, ಹಣ ಕೊಡಬೇಕಾಗಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಚಿತ್ರಗಳೆಲ್ಲ ದುಂಡಗಿರುವುದರಿಂದ ಯಂತ್ರವೂ ದುಂಡಗಿರಲಿ ಎಂದು, ನಡುವಿನ ಗೂಟದ ಸುತ್ತ ತಿರುಗುವ ಒಂದು ಮರದ ತೋಳನ್ನು ಮಾಡಿದರು. ಒಂದು ಮೋಟರು ತೋಳನ್ನು ತಿರುಗಿಸಬೇಕು. ತೋಳಿನ ಮೇಲೆ ಕುಳಿತ ಇನ್ನೊಂದು ಮೋಟರು ಅಯಸ್ಕಾಂತವನ್ನು ಒಳಗೂ ಹೊರಗೂ ಸರಿಸಬೇಕು. ಕಾಗದದ ಮೇಲೆ ಇದು ಚೆಂದ. ಆದರೆ ತೋಳು ಐದಾರು ಸುತ್ತು ತಿರುಗುವಷ್ಟರಲ್ಲಿ ಎರಡನೆಯ ಮೋಟರಿನ ತಂತಿ ದನದ ಹಗ್ಗದಂತೆ ಗೂಟಕ್ಕೆ ಸುತ್ತಿಕೊಂಡು ಕಿತ್ತು ಬಂತು. ಇದಕ್ಕೆ ತಿರುಗಿದರೂ ಸಂಪರ್ಕ ತಪ್ಪದ ಉಂಗುರಗಳು ಪೇಟೆಯಲ್ಲಿ ಸಿಗುತ್ತವೆ. ಆದರೆ ಅದಕ್ಕೆ ಮತ್ತೆ ಹಣ, ಮತ್ತೆ ಸೂಕ್ಷ್ಮದ ಕೆಲಸ. ಹಾಗಾಗಿ ತೋಳನ್ನು ಬಿಟ್ಟು ಚೌಕದ ದಾರಿ ಹಿಡಿದರು: ಉದ್ದಕ್ಕೆ ಒಂದು ಜೊತೆ ಉಕ್ಕಿನ ಸರಳು, ಅವುಗಳ ಮೇಲೆ ಜಾರುವ ಅಡ್ಡಪಟ್ಟಿಯಲ್ಲಿ ಇನ್ನೊಂದು ಜೊತೆ ಸರಳು, ಅದರ ಮೇಲೆ ಅಯಸ್ಕಾಂತದ ಪೀಠ. ಶಾಲೆಯ ಗ್ರಾಫ್ ಹಾಳೆಯಲ್ಲಿ ಅಡ್ಡ ಅಕ್ಷ, ಲಂಬ ಅಕ್ಷ ಎಂದು ಕಲಿತದ್ದೇ ಇಲ್ಲಿ ಕಬ್ಬಿಣವಾಗಿ ನಿಂತಿದೆ.

ಖರ್ಚಿನ ಲೆಕ್ಕವನ್ನು ಪೋಷಕರು ಕೇಳುವುದು ನ್ಯಾಯ. ಎರಡು ಹೆಜ್ಜೆ ಮೋಟರುಗಳಿಗೆ ಸುಮಾರು 1,400 ರೂಪಾಯಿ. ಆರ್ಡುಯಿನೊ ಮಾದರಿಯ ನಿಯಂತ್ರಣ ಫಲಕ, ಅದರ ಮೇಲೆ ಕೂರುವ ಇನ್ನೊಂದು ಫಲಕ ಮತ್ತು ಎರಡು ಡ್ರೈವರುಗಳು ಸೇರಿ 850ರ ಆಸುಪಾಸು. 8 ಮಿ.ಮೀ. ದಪ್ಪದ ನಾಲ್ಕು ಸರಳು, ಅವುಗಳ ಮೇಲೆ ಜಾರುವ ಬೇರಿಂಗುಗಳು ಎಲ್ಲ ಸೇರಿ ಒಂದು ಸಾವಿರ. ಹಲ್ಲುಪಟ್ಟಿ ಮತ್ತು ರಾಟೆಗಳು 350, 12 ವೋಲ್ಟಿನ ಅಡಾಪ್ಟರು 350, ಅಯಸ್ಕಾಂತ 150. ಪ್ಲೈವುಡ್ ಮನೆಯ ಕಪಾಟು ಮಾಡಿಸಿದಾಗ ಉಳಿದದ್ದು. ಗುಂಡು ಗ್ಯಾರೇಜಿನಲ್ಲಿ ಎಸೆದಿದ್ದ ಹಳೆಯ ಬೇರಿಂಗನ್ನು ಒಡೆದಾಗ ಸಿಕ್ಕಿದ್ದು. ಸುಟ್ಟುಹೋದ ಒಂದು ಡ್ರೈವರಿನ ಬೆಲೆಯೂ ಸೇರಿ ಒಟ್ಟು 4,500 ರೂಪಾಯಿಯೊಳಗೆ ಮುಗಿದಿದೆ. ಮೋಟರಿಗೆ ಹರಿಯುವ ವಿದ್ಯುತ್ತನ್ನು ನಿಲ್ಲಿಸದೆ ಅದರ ತಂತಿಯನ್ನು ಕೀಳಬಾರದು. ಕಿತ್ತರೆ ಡ್ರೈವರು ಹೋಯಿತೆಂದೇ ಲೆಕ್ಕ. ಏಳನೆಯ ತರಗತಿಯ ಹುಡುಗ ಇದನ್ನು ಒಂದೇ ಸಲಕ್ಕೆ ಕಲಿತ.

ಇದಕ್ಕಿಂತಲೂ ಅಗ್ಗದ ಹಾದಿಯುಂಟು. ಗಾಲಿಹಲ್ಲುಗಳನ್ನು ಒಳಗೇ ಹೊಂದಿದ, 5 ವೋಲ್ಟಿನ ಪುಟ್ಟ ಹೆಜ್ಜೆ ಮೋಟರುಗಳು ಡ್ರೈವರಿನ ಸಮೇತ ಜೊತೆಗೆ ಸುಮಾರು 300 ರೂಪಾಯಿಗೆ ಸಿಗುತ್ತವೆ. ಅವು ತೀರ ನಿಧಾನ. ಬೇರೆ ಯಂತ್ರಕ್ಕೆ ಅದು ದೋಷ. ಹೊಯಿಗೆ ಮೇಜಿಗೆ ಅಲ್ಲ. ಗುಂಡು ವೇಗವಾಗಿ ಓಡಿದರೆ ಹೊಯಿಗೆ ಚೆಲ್ಲಿ ಸಾಲಿನ ಅಂಚು ಒಡೆಯುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಹೋದರೆ ಸಾಕು. ಆದರೆ ಆ ಮೋಟರುಗಳ ಹಲ್ಲುಗಳಲ್ಲಿ ಸ್ವಲ್ಪ ಸಡಿಲವಿರುವುದರಿಂದ ದಿಕ್ಕು ಬದಲಿಸುವಾಗ ಗೆರೆ ತುಸು ಜಾರುತ್ತದೆ. ಮೊದಲ ಸಲ ಮಾಡುವವರು, ಕೈಯಲ್ಲಿ ಹಣ ಕಡಿಮೆಯಿರುವ ಶಾಲೆಗಳು ಇದರಿಂದಲೇ ತೊಡಗಬಹುದು.

ಹೊಯಿಗೆಯ ವಿಷಯ ಅಂದುಕೊಂಡಷ್ಟು ಸುಲಭವಲ್ಲ. 30 ಸೆಂ.ಮೀ. ಚದರದ ಹಾಸಿಗೆಗೆ 4 ಮಿ.ಮೀ. ದಪ್ಪ ಹೊಯಿಗೆ ಬೇಕೆಂದರೆ 360 ಘನ ಸೆಂಟಿಮೀಟರು, ಅಂದರೆ ತೂಕದಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. 2001ರ ಕೇರಳ ನದೀದಂಡೆ ಸಂರಕ್ಷಣೆ ಮತ್ತು ಮರಳು ತೆಗೆಯುವಿಕೆ ನಿಯಂತ್ರಣ ಅಧಿನಿಯಮ ಲಾರಿಗಟ್ಟಲೆ ಸಾಗಿಸುವವರನ್ನು ಕಣ್ಣಲ್ಲಿಟ್ಟು ಬಂದದ್ದು, ನಿಜ. ಆದರೂ ಅರ್ಧ ಕಿಲೋಗಾಗಿ ಮಕ್ಕಳನ್ನು ಹೊಳೆಗೆ ಇಳಿಸುವ ಅಗತ್ಯವಿಲ್ಲ. ಯಾವ ಮನೆಯ ಗಾರೆ ಕೆಲಸದಲ್ಲೂ ಅಷ್ಟು ಉಳಿದಿರುತ್ತದೆ. ಜಲ್ಲಿ ಪುಡಿಮಾಡಿದ ಎಂ-ಸ್ಯಾಂಡ್ ಬೇಡ. ಅದರ ಕಣಗಳಿಗೆ ಮೂಲೆಗಳಿದ್ದು ಗೆರೆ ಒರಟಾಗುತ್ತದೆ.

ಈ ಮನೆಯವರು ಮೊದಲು ಸಮುದ್ರದಂಡೆಯ ಹೊಯಿಗೆಯನ್ನೇ ಒಂದು ತೊಟ್ಟೆಯಲ್ಲಿ ತಂದಿದ್ದರು. ಅದರಲ್ಲಿ ಎರಡು ತೊಂದರೆ ಕಂಡವು. ಉಪ್ಪಿನಂಶದಿಂದಾಗಿ ಆಟಿ ತಿಂಗಳ ತೇವಕ್ಕೆ ಅದು ಬೆಲ್ಲದಂತೆ ಮುದ್ದೆಯಾಯಿತು. ಇನ್ನೊಂದು ತೊಂದರೆ ಹೆಚ್ಚು ಸ್ವಾರಸ್ಯದ್ದು. ಕಡಲ ಹೊಯಿಗೆಯಲ್ಲಿ ಕಪ್ಪು ಗೆರೆಯಂತೆ ಕಾಣುವುದು ಕಬ್ಬಿಣದ ಅಂಶವಿರುವ ಖನಿಜದ ಕಣ. ಕೆಳಗಿನ ಅಯಸ್ಕಾಂತದ ಸೆಳೆತಕ್ಕೆ ಆ ಕಣಗಳು ಗುಂಡಿಗೆ ಅಂಟಿಕೊಂಡು, ಒಂದು ಗಂಟೆಯೊಳಗೆ ಗುಂಡು ಕಂಬಳಿಹುಳುವಿನಂತೆ ಗಡ್ಡ ಬಿಟ್ಟಿತು. ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಒಣ ಹೊಯಿಗೆಯಲ್ಲಿ ನಾಲ್ಕಾರು ಬಾರಿ ಆಡಿಸಿದರೆ ಕಪ್ಪು ಕಣಗಳು ಕಾಗದಕ್ಕೆ ಹತ್ತುತ್ತವೆ; ಕಾಗದವನ್ನು ಬಿಚ್ಚಿದರೆ ಉದುರುತ್ತವೆ. ಹುಡುಗ ಹೀಗೆ ಒಂದು ಬೆಂಕಿಪೆಟ್ಟಿಗೆಯ ತುಂಬ ಕಪ್ಪು ಹುಡಿ ಸಂಗ್ರಹಿಸಿ ಶಾಲೆಗೆ ಒಯ್ದಿದ್ದಾನೆ. ಕಡೆಗೆ ಉಳಿದದ್ದು ಸಿಹಿನೀರಿನ ಹೊಯಿಗೆ: ನಾಲ್ಕು ನೀರಿನಲ್ಲಿ ತೊಳೆದು, ಬಾಣಲೆಯಲ್ಲಿ ಹುರಿದು, ಹಿಟ್ಟಿನ ಜರಡಿಯಲ್ಲಿ ಸೋಸಿದ್ದು. ಸೋಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆ ನವಿರಾದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಯಿಗೆಯ ಅಡಿಗೆ ಒಂದು ತೆಳು ಉಣ್ಣೆಬಟ್ಟೆ ಅಂಟಿಸಿದರೆ ಗುಂಡು ಉರುಳುವ ಗರಗರ ಸದ್ದು ಅಡಗುತ್ತದೆ. ಮೋಟರಿನ ಜೀರುಂಡೆ ಸದ್ದು ಮಾತ್ರ ಉಳಿಯುತ್ತದೆ. ಅದಕ್ಕೆ ಸದ್ದಿಲ್ಲದ ಬಗೆಯ ಡ್ರೈವರು ಇದೆ. ಬೆಲೆ ಸ್ವಲ್ಪ ಹೆಚ್ಚು.

ಅಯಸ್ಕಾಂತದ ಬಗ್ಗೆ ಒಂದು ಎಚ್ಚರಿಕೆಯನ್ನು ತಾಯಂದಿರು ಗಮನಿಸಬೇಕು. ಈ ನಿಯೋಡಿಮಿಯಂ ಅಯಸ್ಕಾಂತಗಳು ಆಟಿಕೆಯವಲ್ಲ. ಸಣ್ಣ ಮಕ್ಕಳು ಎರಡನ್ನು ನುಂಗಿದರೆ ಅವು ಹೊಟ್ಟೆಯೊಳಗೆ ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ಹಲಗೆಯ ಅಡಿಗೆ ತಿರುಪು ಹಾಕಿ ಮುಚ್ಚಿದ ಮೇಲೆಯೇ ಮೇಜನ್ನು ಚಾವಡಿಗೆ ತರಬೇಕು.

ಯಂತ್ರ ಮೊದಲ ಬಾರಿಗೆ ಓಡಿದ ದಿನ ಒಂದು ವೃತ್ತ ಬರೆಯಲು ಹೇಳಿದರು. ಅದು ಕೋಳಿಮೊಟ್ಟೆ ಬರೆಯಿತು. ಅಡ್ಡಕ್ಕೆ 5 ಸೆಂ.ಮೀ., ಉದ್ದಕ್ಕೆ 10. ಮಾವ ಹಲ್ಲುಪಟ್ಟಿ ಜಾರುತ್ತಿದೆಯೆಂದು ಬಿಗಿದರು, ರಾಟೆಯ ತಿರುಪು ಬಿಗಿದರು, ಕೊನೆಗೆ ಮೋಟರೇ ಸರಿಯಿಲ್ಲವೆಂದರು. ಎರಡು ದಿನ ಕಳೆಯಿತು. ಹುಡುಗಿ ಅಷ್ಟರಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ತನಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯುತ್ತ ಬಂದಿದ್ದಳು. ಅದರಲ್ಲಿ ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರು ಪ್ರತಿ ಹೆಜ್ಜೆಯನ್ನು 16 ಕಿರುಹೆಜ್ಜೆಯಾಗಿ ಒಡೆಯುತ್ತದೆ; ಒಟ್ಟು 3,200. ರಾಟೆಗೆ 20 ಹಲ್ಲು, ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ.; ಒಂದು ಸುತ್ತಿಗೆ ಪಟ್ಟಿ 40 ಮಿ.ಮೀ. ಚಲಿಸುತ್ತದೆ. 3,200ನ್ನು 40ರಿಂದ ಭಾಗಿಸಿದರೆ ಮಿಲಿಮೀಟರಿಗೆ 80 ಕಿರುಹೆಜ್ಜೆ. ತಂತ್ರಾಂಶದಲ್ಲಿ ಎರಡು ಅಕ್ಷಕ್ಕೂ ಬರೆದದ್ದು 80ನ್ನೇ. ಹಾಗಿದ್ದೂ ಒಂದು ಅಕ್ಷ ಸರಿಯಾಗಿ ದುಪ್ಪಟ್ಟು ಹೋಗುವುದಾದರೆ ಅಲ್ಲಿ ಹೆಜ್ಜೆ ಒಡೆಯುತ್ತಿರುವುದು 16 ಆಗಿ ಅಲ್ಲ, 8 ಆಗಿ. ಪಟ್ಟಿ ಜಾರಿದ್ದರೆ ಕಡಿಮೆ ಹೋಗಬೇಕಿತ್ತೇ ಹೊರತು ಹೆಚ್ಚಲ್ಲ. ಡ್ರೈವರನ್ನು ಎತ್ತಿ ನೋಡಿದಾಗ ಅದರ ಅಡಿಯಲ್ಲಿರಬೇಕಾದ ಮೂರು ಪುಟ್ಟ ಜಂಪರುಗಳಲ್ಲಿ ಎರಡೇ ಇದ್ದವು. ಮೂರನೆಯದು ಮೇಜಿನ ಕಾಲಿನ ಬಳಿ ಬಿದ್ದಿತ್ತು.

ಆ ನೋಟ್‌ಬುಕ್ಕಿನ ಮೇಲೆ ಮನೆಯಲ್ಲಿ ಒಂದು ಚರ್ಚೆ ಹುಟ್ಟಿತು. ಮೇಜನ್ನು ಶಾಲಾ ವಿಜ್ಞಾನಮೇಳಕ್ಕೆ ಒಯ್ಯುವುದಾದರೆ ವಿವರಣೆಯ ಚಾರ್ಟನ್ನು ಯಾವ ಭಾಷೆಯಲ್ಲಿ ಬರೆಯುವುದು? ಇಂಗ್ಲಿಷಿನಲ್ಲಿಯೇ ಬರೆ ಎಂದರು ಮಾವ. ನಾಳೆ ಪಾಲಿಟೆಕ್ನಿಕ್ಕಿಗೆ ಹೋದರೆ ಅಲ್ಲಿ ಯಾರೂ ‘ಹಲ್ಲುಪಟ್ಟಿ’ ಎನ್ನುವುದಿಲ್ಲ, ಆಗ ನಗೆಗೀಡಾಗುವುದು ಬೇಡ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗಡಿನಾಡಿನಲ್ಲಿ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸಿ ಬೇರೆ ಮಾಧ್ಯಮಕ್ಕೆ ಸೇರಿಸುವ ತಂದೆತಾಯಂದಿರಲ್ಲಿ ಹಲವರು ಭಾಷೆಯ ಮೇಲಿನ ಪ್ರೀತಿ ಕಡಿಮೆಯಾಗಿ ಹಾಗೆ ಮಾಡುವವರಲ್ಲ. ಮುಂದಿನ ಮೆಟ್ಟಿಲಲ್ಲಿ ಮಗು ಎಡವಬಾರದೆಂಬ ಭಯ ಅವರದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆ ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಹೆಜ್ಜೆ ಮೋಟರು ಬರುವುದು ಅದರಾಚೆಗೆ.

ಹುಡುಗಿಯ ವಾದ ಚಿಕ್ಕದು: ಜಂಪರು ತಪ್ಪಿದ್ದು ತನಗೆ ತಿಳಿದದ್ದು ಕನ್ನಡದಲ್ಲಿ ಬರೆದಾಗ. ಇಂಗ್ಲಿಷ್ ವಿವರಣೆಯನ್ನು ಅವಳು ಅದಕ್ಕಿಂತ ಮೊದಲು ಮೂರು ಸಲ ಓದಿದ್ದಳು. ಓದಿ ಮಾಡಿದ್ದಳು, ಆದರೆ ಏಕೆ ಮಾಡುತ್ತಿದ್ದೇನೆಂದು ಕೇಳಿಕೊಂಡಿರಲಿಲ್ಲ. ಅವಳ ಶಬ್ದಗಳಲ್ಲಿ ಹಟವಿಲ್ಲವೆಂಬುದನ್ನೂ ಗಮನಿಸಬೇಕು. ಬೇರಿಂಗು ಬೇರಿಂಗೇ. ಡ್ರೈವರನ್ನು ‘ಚಾಲಕ’ ಎಂದು ಬರೆದರೆ ಬಸ್ಸಿನವನ ನೆನಪಾಗುತ್ತದೆಂದು ಅದನ್ನೂ ಹಾಗೆಯೇ ಬಿಟ್ಟಿದ್ದಾಳೆ. ಅಂಚಿಗೆ ತಲುಪಿದಾಗ ಒತ್ತಿಕೊಂಡು ಯಂತ್ರವನ್ನು ತಡೆಯುವ ಗುಂಡಿಗೆ ‘ಗಡಿ ಸ್ವಿಚ್ಚು’ ಎಂದು ಹೆಸರಿಟ್ಟಿದ್ದಾಳೆ. ಈ ಸ್ವಿಚ್ಚು ಇಲ್ಲಿ ತೀರ ಅಗತ್ಯ; ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಮೋಟರಿಗೆ ತಾನೆಲ್ಲಿದ್ದೇನೆಂಬುದೇ ಮರೆತಿರುತ್ತದೆ, ಮೂಲೆಗೆ ಹೋಗಿ ಗಡಿಯನ್ನು ಮುಟ್ಟಿ ಮತ್ತೆ ಸೊನ್ನೆಯಿಂದ ಎಣಿಕೆ ಆರಂಭಿಸಬೇಕು. ಕನ್ನಡದಲ್ಲಿ ಲೆಕ್ಕಶಾಸ್ತ್ರ ಹೊಸತೂ ಅಲ್ಲ. ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದದ್ದು 12ನೆಯ ಶತಮಾನದಲ್ಲಿ. ಹೊಯಿಗೆಯ ಮೇಲೆ ಲೆಕ್ಕ ಮಾಡುವುದಂತೂ ಅದಕ್ಕಿಂತ ಹಳೆಯದು. ನಮ್ಮ ಪ್ರಾಚೀನರು ಧೂಳು ಹರಡಿದ ಹಲಗೆಯ ಮೇಲೆ ಎಣಿಸುತ್ತಿದ್ದುದರಿಂದ ಅಂಕಗಣಿತಕ್ಕೆ ‘ಧೂಳೀಕರ್ಮ’ ಎಂಬ ಹೆಸರೇ ಇತ್ತು.

ತಾವರೆ, ಸುರುಳಿಗಳನ್ನು ಗಣಕದಲ್ಲಿ ಸಿದ್ಧಪಡಿಸಿ ಕೊಡುವ ‘ಸ್ಯಾಂಡಿಫೈ’ ಎಂಬ ಉಚಿತ ಸಾಧನವಿದೆ. ಮಕ್ಕಳಿಗೆ ಅದು ಸಾಲಲಿಲ್ಲ. ‘ಅಜ್ಜಿ’ ಎಂದು ಬರೆಸಬೇಕೆಂದು ಹೊರಟರು. ಆಗ ಈ ಯಂತ್ರದ ನಿಜವಾದ ಕಟ್ಟಳೆ ಎದುರಾಯಿತು: ಗುಂಡನ್ನು ಎತ್ತಲಾಗದು. ಲೇಖನಿಯಾದರೆ ಒಂದು ಅಕ್ಷರ ಮುಗಿಸಿ, ಎತ್ತಿ, ಇನ್ನೊಂದರ ಮೇಲೆ ಇಡಬಹುದು. ಗುಂಡು ಎಲ್ಲಿಗೆ ಹೋದರೂ ಗೆರೆ ಎಳೆದುಕೊಂಡೇ ಹೋಗುತ್ತದೆ. ‘ಅ’ ಒಂದೇ ಎಳೆಯಲ್ಲಿ ಬರುತ್ತದೆ, ಚಿಂತೆಯಿಲ್ಲ. ‘ಜ್ಜಿ’ಯಲ್ಲಿ ಒತ್ತು ಕೆಳಗೆ ಬೇರೆಯಾಗಿ ನಿಂತಿದೆ. ‘ಅಂ’ ಬರೆಯುವುದಾದರೆ ಸೊನ್ನೆ ದೂರ ನಿಂತಿದೆ.

ಒಂದೇ ಎಳೆಯಲ್ಲಿ ಯಾವ ಚಿತ್ರ ಬರೆಯಬಹುದು, ಯಾವುದು ಸಾಧ್ಯವಿಲ್ಲ ಎಂಬುದಕ್ಕೆ ನಿಯಮವುಂಟು. 1736ರ ಸುಮಾರಿಗೆ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯಿಂದ ತೊಡಗಿ ಅದನ್ನು ಕಂಡುಕೊಂಡರು. ಚಿತ್ರವೆಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಬೆಸಸಂಖ್ಯೆಯ ಗೆರೆಗಳು ಕೂಡುವ ಬಿಂದುಗಳು ಒಂದೂ ಇರಬಾರದು, ಅಥವಾ ಎರಡೇ ಇರಬೇಕು. ಚೌಕ ಬರೆದು ಒಳಗೆ ಎರಡು ಕರ್ಣ ಎಳೆದರೆ ನಾಲ್ಕು ಮೂಲೆಯಲ್ಲೂ ಮೂರು ಮೂರು ಗೆರೆ. ಕೈ ಎತ್ತದೆ ಬರೆಯಲಾಗದು. ಅದಕ್ಕೇ ಮೇಲೊಂದು ಮಾಡು ಹೊದಿಸಿದರೆ ಕೆಳಗಿನ ಎರಡು ಮೂಲೆ ಮಾತ್ರ ಬೆಸವಾಗಿ ಉಳಿಯುತ್ತವೆ, ಅಲ್ಲಿಂದ ತೊಡಗಿದರೆ ಬರೆಯಬಹುದು. ಶಾಲೆಯ ಮಕ್ಕಳು ಒಬ್ಬರಿಗೊಬ್ಬರು ಒಡ್ಡುವ ಆ ಮನೆಯ ಒಗಟಿನ ಗುಟ್ಟು ಇದೇ. ಇನ್ನೊಂದು ಉಪಾಯ, ಹೋದ ಗೆರೆಯ ಮೇಲೆಯೇ ಹಿಂತಿರುಗುವುದು. ಹಾಗೆ ಮಾಡಿದಾಗ ಆ ಗೆರೆ ಲೆಕ್ಕಕ್ಕೆ ಎರಡಾಗಿ, ಬೆಸ ಸರಿಯಾಗುತ್ತದೆ. ‘ಧ’, ‘ಭ’ಗಳ ಸೀಳುಗೆರೆಯನ್ನು ಹೀಗೆ ಹೋಗಿ ಬಂದು ಬರೆಯಬಹುದು.

ಕೂಡಿಕೊಂಡಿಲ್ಲದ ಒತ್ತಿಗೆ ಮಾತ್ರ ಆಯ್ಲರನ ಬಳಿ ಉತ್ತರವಿಲ್ಲ. ಮಕ್ಕಳು ನಡುವಿನ ಗೆರೆಯನ್ನು ಹೇಗಾದರೂ ಕಾಣದಂತೆ ಮಾಡಲು ಒಂದು ವಾರ ಹೆಣಗಿದರು. ತೆಳ್ಳಗೆ ಎಳೆಯಲಾಗದು, ಗುಂಡಿನ ಗಾತ್ರ ಒಂದೇ. ಉತ್ತರ ಬಂದದ್ದು ಅಜ್ಜಿಯಿಂದ. ಚುಕ್ಕಿಗಳ ಸುತ್ತ ಒಂದೇ ಎಳೆ ಸುತ್ತಿ ಬರುವ ರಂಗೋಲಿಯನ್ನು ಅವರು ಎಳೆಯ ವಯಸ್ಸಿನಿಂದ ಹಾಕಿದವರು. “ಗೆರೆಯನ್ನು ಯಾಕೆ ಅಡಗಿಸುತ್ತೀರಿ ಮಕ್ಕಳೇ, ಬಳ್ಳಿ ಮಾಡಿ” ಎಂದರು. ಅಕ್ಷರದಿಂದ ಒತ್ತಿಗೆ, ಒತ್ತಿನಿಂದ ಮುಂದಿನ ಕೊಂಬಿಗೆ ಹೋಗುವ ದಾರಿಯೆಲ್ಲ ಈಗ ಬಳ್ಳಿ. ಅದರಲ್ಲಿ ಎರಡು ಎಲೆಯೂ ಇವೆ. ಮದ್ರಾಸಿನ ತಾಂಬರಂನಲ್ಲಿ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇಂತಹ ಕೋಲಂ ರಂಗೋಲಿಗಳನ್ನೇ ಗಣಕವಿಜ್ಞಾನದ ವ್ಯಾಕರಣವಾಗಿ ಅಧ್ಯಯನ ಮಾಡಿದ್ದರೆಂದು ಹೇಳಿದಾಗ ಅಜ್ಜಿ ಅಷ್ಟೇನೂ ಆಶ್ಚರ್ಯಪಡಲಿಲ್ಲ.

ಚಾರ್ಟು ಕಡೆಗೆ ಕನ್ನಡದಲ್ಲಿಯೇ ಸಿದ್ಧವಾಗಿದೆ, ಪ್ರತಿ ಭಾಗದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಹೆಸರು. ಅದನ್ನು ಬರೆದುಕೊಟ್ಟವರು ಮಾವನೇ. ನೋಟ್‌ಬುಕ್ಕನ್ನು ನೆರೆಯ ಶಾಲೆಯ ಇಬ್ಬರು ಹುಡುಗರು ನಕಲು ಮಾಡಿಕೊಳ್ಳಲು ಒಯ್ದಿದ್ದಾರೆ. ಅವರು 300 ರೂಪಾಯಿಯ ಪುಟ್ಟ ಮೋಟರಿನಿಂದ ತೊಡಗುತ್ತಾರಂತೆ. ಮೇಜಿನಲ್ಲಿ ಇನ್ನೂ ಎರಡು ಕುಂದುಗಳು ಉಳಿದಿವೆ. ಗುಂಡು ತಳ್ಳಿದ ಹೊಯಿಗೆ ದಿನೇ ದಿನೇ ಅಂಚಿಗೆ ಸೇರಿ ನಡುವೆ ಹಲಗೆ ಕಾಣತೊಡಗುತ್ತದೆ; ವಾರಕ್ಕೊಮ್ಮೆ ಅಡಿಕೋಲಿನಿಂದ ಸಮಮಾಡಬೇಕು. ಇನ್ನೊಂದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹುಡುಗಿ ಬರೆದಿಟ್ಟಿದ್ದಾಳೆ: ‘ಎರಡನೆಯ ಮೋಟರು ಬಿಸಿಯಾಗುತ್ತದೆ. ಡ್ರೈವರಿನ ತಿರುಪನ್ನು ತುಸು ತಿರುಗಿಸಿ ವಿದ್ಯುತ್ತು ಕಡಿಮೆ ಮಾಡಿ ನೋಡುವುದು. ಮೊದಲು ಸ್ವಿಚ್ಚು ಆರಿಸುವುದು.’